ವಾರಕ್ಕೊಮ್ಮೆ ಎಂಬ ಒಂದು ಪದ

ಬೆಳಿಗ್ಗೆ ಬಾಗಿಲು ತೆಗೆದು ದೀಪ ಹಾಕಿದ ಕೂಡಲೇ ನಾನು ಮಾಡುವ ಮೊದಲ ಕೆಲಸವೆಂದರೆ ಫ್ರಿಜ್ಜಿನ ತಾಪಮಾನ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು. ಇನ್ಸುಲಿನ್, ಹೆಚ್ಚಿನ ಲಸಿಕೆಗಳು, ಕಣ್ಣಿಗೆ ಹಾಕುವ ಒಂದೆರಡು ಬಗೆಯ ಹನಿಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಒಳಗೇ ಇರಬೇಕು. ಹೆಚ್ಚು ಬಿಸಿಯಾದರೆ ಅವುಗಳ ಶಕ್ತಿ ಕುಂದುತ್ತದೆ; ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಅಂತೂ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಎಸೆಯದೆ ಬೇರೆ ದಾರಿಯಿಲ್ಲ. ಆ ದಿನ ಮೀಟರ್ 4.6 ತೋರಿಸುತ್ತಿತ್ತು. ಬರೆದೆ, ಸಹಿ ಹಾಕಿದೆ. ಅಲ್ಲಿಂದ ರಾತ್ರಿ ಬಾಗಿಲು ಹಾಕುವವರೆಗೆ, ನಡುವೆ ಯಾರೂ ಕರೆಯದೆ ನಾನೇ ಆರಂಭಿಸಿ ನಾನೇ ಮುಗಿಸಿದ ಕೆಲಸ ಬೇರೊಂದು ಇರಲಿಲ್ಲ.

ಅದು ಸೆಪ್ಟೆಂಬರ್ 25. ಔಷಧ ವೃತ್ತಿಯವರ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಪಿ 1912ರಲ್ಲಿ ಸ್ಥಾಪನೆಯಾದದ್ದು ಇದೇ ತಾರೀಖಿನಂದು. ಆ ನೆನಪಿಗೆ ಇದನ್ನು ವಿಶ್ವ ಫಾರ್ಮಸಿಸ್ಟ್ ದಿನವೆಂದು ಆಚರಿಸುತ್ತಾರೆ. ಮುಖ್ಯ ಕಚೇರಿಯಿಂದ ಹೂಗುಚ್ಛದ ಚಿತ್ರದೊಂದಿಗೆ ಶುಭಾಶಯದ ಸಂದೇಶ ಬಂತು. ಅದರ ಬೆನ್ನಿಗೇ, ಅದೇ ನಂಬರಿನಿಂದ, ನಿನ್ನೆಯ ಮಾರಾಟ ಗುರಿಗಿಂತ ಕಡಿಮೆಯಾದದ್ದೇಕೆ ಎಂದು ಕೇಳುವ ಇನ್ನೊಂದು ಸಂದೇಶವೂ ಬಂತು. ಮೂವರು ಇರಬೇಕಾದ ಕೌಂಟರಿನಲ್ಲಿ ಅಂದು ಇದ್ದವರು ಇಬ್ಬರು: ನಾನು, ಮತ್ತು ಕೆಲಸಕ್ಕೆ ಸೇರಿ ಎರಡು ತಿಂಗಳೂ ತುಂಬದ ಸಹಾಯಕ.

ಹೊರಗೆ ನಿಂತು ನೋಡುವವರಿಗೆ ನಮ್ಮ ಕೆಲಸ ಕಪಾಟಿನಿಂದ ಡಬ್ಬಿ ತೆಗೆದು ಕೈಗಿಡುವುದಷ್ಟೇ. ಹಾಗೆಂದುಕೊಂಡರೆ ಅದು ಅವರ ತಪ್ಪೂ ಅಲ್ಲ. ನಿಜವಾದ ಕೆಲಸ ನಡೆಯುವುದು ನಮ್ಮ ತಲೆಯೊಳಗೆ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಹೆಸರು ಸರಿಯಿದೆಯೇ, ಎಷ್ಟು ಮಿಲಿಗ್ರಾಂ, ಮಾತ್ರೆಯೋ ಸಿರಪ್ಪೋ, ದಿನಕ್ಕೆಷ್ಟು ಸಲ, ರೋಗಿಯ ವಯಸ್ಸೆಷ್ಟು, ಬೇರೆ ಯಾವ ಔಷಧಿ ನಡೆಯುತ್ತಿದೆ, ಅದಕ್ಕೂ ಇದಕ್ಕೂ ಹೊಂದುತ್ತದೆಯೇ, ಅವಧಿ ಮುಗಿಯಲು ಎಷ್ಟು ತಿಂಗಳಿದೆ ಎಂಬಿಷ್ಟನ್ನೂ ಡಬ್ಬಿಯೊಂದು ಕಪಾಟಿನಿಂದ ಕೌಂಟರಿಗೆ ಬರುವಷ್ಟರಲ್ಲಿ ನೋಡಿ ಮುಗಿಸಬೇಕು. ಹೆಸರುಗಳದೇ ಒಂದು ಪಜೀತಿ. ಕಾರ್ಬಮಜೆಪಿನ್ ಮೂರ್ಛೆರೋಗದ ಔಷಧಿ, ಕಾರ್ಬಿಮಜೋಲ್ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವವರಿಗೆ ಕೊಡುವಂಥದ್ದು. ಹೈಡ್ರಾಲಜಿನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ಇವು ಅಕ್ಕಪಕ್ಕದಲ್ಲೇ ಬಂದು ಕೂರುತ್ತವೆಂದು ಬೇಕೆಂದೇ ಬೇರೆ ಬೇರೆ ಖಾನೆಗಳಲ್ಲಿಟ್ಟು ಕೆಂಪು ಚೀಟಿ ಅಂಟಿಸಿದ್ದೆವು. ಹಿಂದಿನ ವಾರ ಹೊಸ ಸಹಾಯಕ, ಪಾಪ, ಬಿಡುವು ಸಿಕ್ಕಿತೆಂದು ಕಪಾಟನ್ನೆಲ್ಲ ಅಚ್ಚುಕಟ್ಟು ಮಾಡಿ ಅವನ್ನು ಮತ್ತೆ ಒಟ್ಟಿಗೆ ತಂದಿಟ್ಟಿದ್ದ. ಅವನ ಶ್ರದ್ಧೆಯನ್ನು ಹೊಗಳುತ್ತಲೇ ಒಂದೊಂದನ್ನೂ ಹಳೆಯ ಜಾಗಕ್ಕೆ ಎತ್ತಿಡಬೇಕಾಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ಕೌಂಟರಿನ ಮುಂದೆ ಏಳೆಂಟು ಜನ ಸೇರಿದ್ದರು. ಸರಕಿನ ಪೆಟ್ಟಿಗೆಗಳನ್ನು ತಂದವನು ಎಣಿಸಿಕೊಂಡು ಸಹಿ ಮಾಡಿಕೊಡಿ ಎಂದು ಪಕ್ಕದಲ್ಲಿ ನಿಂತಿದ್ದ. ಫೋನಿನಲ್ಲಿ ಯಾರೋ ಮಾತ್ರೆಯ ಹೆಸರು ನೆನಪಿಲ್ಲದೆ, ಬಿಳಿಯದು, ದುಂಡಗಿದೆ, ನಡುವೆ ಒಂದು ಗೆರೆಯಿದೆ ಎಂದು ವರ್ಣಿಸುತ್ತಿದ್ದರು. ಬೆನ್ನುನೋವಿಗೆ ಐಬುಪ್ರೊಫೇನ್ ಕೇಳಿದವರೊಬ್ಬರನ್ನು, ಬೇರೆ ಯಾವುದಾದರೂ ಮಾತ್ರೆ ನಡೆಯುತ್ತಿದೆಯೇ ಎಂದು ವಿಚಾರಿಸಿದೆ. "ಏನಿಲ್ಲ, ಹಾರ್ಟಿಗೆ ಒಂದು ಚಿಕ್ಕದು" ಎಂದರು. ಆ ಚಿಕ್ಕದು ವಾರ್ಫರಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಮಾತ್ರೆಯ ಜೊತೆಗೆ ಐಬುಪ್ರೊಫೇನ್ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆಂದು ತಿಳಿಸಿ, ವೈದ್ಯರನ್ನೇ ಒಮ್ಮೆ ಕೇಳಿಕೊಂಡು ಬನ್ನಿ ಎಂದು ಒಪ್ಪಿಸಿ ಕಳಿಸುವಷ್ಟರಲ್ಲಿ ಸಾಲಿಗೆ ಇನ್ನೂ ಮೂವರು ಬಂದು ಸೇರಿದ್ದರು. ಆ ಮಾತುಕತೆಯಿಂದ ಅಂಗಡಿಗೆ ಒಂದು ಬಿಲ್ಲೂ ಆಗಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಾವು ಸರಿಯಾಗಿ ಮಾಡಿದ ಎಷ್ಟೋ ಕೆಲಸ ಲೆಕ್ಕದಲ್ಲಿ ಆಗದ ಮಾರಾಟವಾಗಿಯೇ ಕಾಣುತ್ತದೆ.

ಆ ಸಾಲಿನಲ್ಲೇ ಅವರಿದ್ದರು. ಎಪ್ಪತ್ತರ ಆಸುಪಾಸಿನ ಹೆಂಗಸು. ಬೆರಳಿನ ಗೆಣ್ಣುಗಳು ಊದಿಕೊಂಡಿದ್ದರಿಂದ ಮಡಿಸಿದ ಚೀಟಿಯನ್ನು ಬಿಡಿಸಲಾಗದೆ ಹಾಗೆಯೇ ನನ್ನ ಮುಂದಿಟ್ಟರು. ಅದರಲ್ಲಿ ಎರಡು ಔಷಧಿಗಳಿದ್ದವು. ಮೊದಲನೆಯದು ಮೆಥೊಟ್ರೆಕ್ಸೇಟ್, 2.5 ಮಿಲಿಗ್ರಾಂನ ಮೂರು ಮಾತ್ರೆ, ದಿನಕ್ಕೊಮ್ಮೆ. ಎರಡನೆಯದು ಫೋಲಿಕ್ ಆ್ಯಸಿಡ್, 5 ಮಿಲಿಗ್ರಾಂ, ವಾರಕ್ಕೊಮ್ಮೆ. ಒಂದು ತಿಂಗಳಿಗೆ ಕೊಡಿ ಎಂದು ಕೆಳಗೆ ಬರೆದಿತ್ತು. ಕಂಪ್ಯೂಟರಿಗೆ ಹಾಕಿದರೆ ಅದು 90 ಮಾತ್ರೆಗಳ ಲೆಕ್ಕ ಕೊಟ್ಟು, ಜೊತೆಗೊಂದು ಎಚ್ಚರಿಕೆಯನ್ನೂ ತೋರಿಸಿತು. ಎಚ್ಚರಿಕೆಗಳ ವಿಷಯದಲ್ಲಿ ನಮ್ಮ ಕಂಪ್ಯೂಟರಿನದು ಧಾರಾಳ ಸ್ವಭಾವ. ಕೆಮ್ಮಿನ ಸಿರಪ್ಪಿಗೂ ಅದು ಕೆಂಪು ಚೌಕಟ್ಟು ಹಾಕಿ ಹೆದರಿಸುವುದರಿಂದ ಓದುವ ಮೊದಲೇ ಬೆರಳು ಸರಿ ಎಂಬ ಗುಂಡಿಯ ಮೇಲಿರುತ್ತದೆ. ಅಂದೂ ಒತ್ತಿಯೇಬಿಟ್ಟಿದ್ದೆ. ಕೈ ತಡೆದದ್ದು ಕಂಪ್ಯೂಟರಲ್ಲ, 90 ಎಂಬ ಆ ಸಂಖ್ಯೆ. ಕಪಾಟಿನಲ್ಲಿ ಅಷ್ಟು ಮಾತ್ರೆ ಇರಲಿಲ್ಲ. ಈ ಔಷಧಿಯನ್ನು ನಾವು ಒಬ್ಬರಿಗೆ ಒಮ್ಮೆಗೇ ಅಷ್ಟು ಕೊಟ್ಟ ನೆನಪೂ ನನಗಿರಲಿಲ್ಲ.

"ಇದು ಯಾವುದಕ್ಕೆ ಅಂದ್ರಮ್ಮಾ ಡಾಕ್ಟ್ರು?" ಎಂದೆ. "ಗಂಟುನೋವಿಗೆ. ಹೊಸದಾಗಿ ಕೊಟ್ಟಿದಾರೆ" ಎಂದರು.

ಕೀಲುಗಳ ಉರಿಯೂತಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಕೊಡುವುದು ವಾರಕ್ಕೆ ಒಂದೇ ಸಲ. ಅದೇ ಪ್ರಮಾಣವನ್ನು ದಿನವೂ ನುಂಗಿದರೆ ಅಸ್ಥಿಮಜ್ಜೆ ರಕ್ತಕಣಗಳನ್ನು ಮಾಡುವುದು ಕುಗ್ಗುತ್ತದೆ, ಬಾಯೆಲ್ಲ ಹುಣ್ಣಾಗುತ್ತದೆ, ಸೋಂಕನ್ನು ಎದುರಿಸುವ ಶಕ್ತಿ ಉಳಿಯುವುದಿಲ್ಲ. ಹೀಗೆ ಪ್ರಾಣ ಹೋದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಚೀಟಿಯಲ್ಲಿ ಆಗಿದ್ದದ್ದು ಇಷ್ಟೇ: ಮೊದಲ ಸಾಲಿನಲ್ಲೂ ವಾರಕ್ಕೊಮ್ಮೆ ಎಂದಿರಬೇಕಾದ ಕಡೆ ದಿನಕ್ಕೊಮ್ಮೆ ಎಂದಾಗಿತ್ತು. ಬರೆದವರಿಗೂ ಹೊರಗೆ ಅಷ್ಟೇ ಉದ್ದದ ಸಾಲು ಕಾದಿದ್ದಿರಬೇಕು.

ಚಿಕಿತ್ಸಾಲಯಕ್ಕೆ ಫೋನ್ ಮಾಡಿದೆ. ಎತ್ತಿಕೊಂಡವರು, ಡಾಕ್ಟರ್ ಒಳಗೆ ರೋಗಿಯನ್ನು ನೋಡುತ್ತಿದ್ದಾರೆ, ಬರೆದದ್ದನ್ನು ಕೊಟ್ಟರೆ ಸಾಕಲ್ಲ ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ. ಈ ಸಲ, ಅವರ ಬಾಯಿಂದ ನೇರವಾಗಿ ಕೇಳದೆ ಔಷಧಿ ಕೊಡುವುದಿಲ್ಲವೆಂದು ತಿಳಿಸಿ ಎಂದೆ. ಆಮೇಲಿನದು ಕಾಯುವ ಕೆಲಸ. ಕಾದದ್ದು ಇಪ್ಪತ್ತೆರಡು ನಿಮಿಷ.

ಈ ವೃತ್ತಿಯ ಒತ್ತಡವೆಂದರೆ ಜನಜಂಗುಳಿ, ನಿಂತು ನಿಂತು ಊದುವ ಕಾಲು, ತಪ್ಪಿದ ಊಟದ ಹೊತ್ತು ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಅವೆಲ್ಲ ಇವೆ, ಮೈಗೆ ಒಗ್ಗಿಯೂ ಹೋಗಿವೆ. ಒಗ್ಗದೆ ಉಳಿದಿರುವುದು ಆ ಇಪ್ಪತ್ತೆರಡು ನಿಮಿಷದಂಥ ಹೊತ್ತು. ಸಾಲಿನಲ್ಲಿದ್ದವರೊಬ್ಬರು ಗಡಿಯಾರ ನೋಡಿ, "ಒಂದು ಡಬ್ಬಿ ತೆಗೆದುಕೊಡೋಕೆ ಇಷ್ಟು ಹೊತ್ತು ಬೇಕೇನ್ರೀ? ಓದೋಕೆ ಬರಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಓದಲು ಬಂದದ್ದರಿಂದಲೇ ತಡವಾಗುತ್ತಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹಾಗೆಯೇ ಒಳಗೆ ಹೋಯಿತು. ಇನ್ನೊಬ್ಬರ ಕಾಯಿಲೆಯ ಸಂಗತಿಯನ್ನು ಹತ್ತು ಜನರ ಮುಂದೆ ಆಡುವಂತಿಲ್ಲ. ಆ ತಾಯಿಗಾದರೂ ಹೇಳೋಣವೆಂದರೆ, ವೈದ್ಯರೊಡನೆ ಮಾತಾಡಿ ಖಚಿತಪಡಿಸಿಕೊಳ್ಳುವ ಮುನ್ನ ಚೀಟಿ ತಪ್ಪಾಗಿದೆ ಎಂದುಬಿಟ್ಟರೆ ಅವರು ಔಷಧಿಯನ್ನೇ ಮುಟ್ಟದೆ ಇರಬಹುದು. ಸರಿಯಾದ ಪ್ರಮಾಣದಲ್ಲಿ ಅವರಿಗೆ ಬೇಕಾದ ಔಷಧಿಯೇ ಅದು. ಹಾಗಾಗಿ, ದಡ್ಡರಂತೆ ಕಾಣಿಸಿಕೊಂಡು ಸುಮ್ಮನೆ ನಿಲ್ಲುವುದೇ ಆ ಹೊತ್ತಿನ ಕೆಲಸವಾಗಿತ್ತು. ಹಾಗೆ ನಿಂತೇ ಉಳಿದವರ ಚೀಟಿಗಳನ್ನು ನೋಡುತ್ತಿದ್ದೆ. ಗೊಣಗಿದವರೂ ಅವರ ಹಿಂದಿನವರೂ ಚೀಟಿ ವಾಪಸ್ಸು ಕೇಳಿ ಪಡೆದು ಹೊರಟುಹೋದರು.

ಕೊನೆಗೆ ವೈದ್ಯರೇ ಫೋನ್ ಮಾಡಿದರು. ನಾನು ಎರಡೂ ಸಾಲುಗಳನ್ನು ಬರೆದಿದ್ದಂತೆಯೇ ಓದಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಅಯ್ಯೋ, ಇಲ್ಲ ಇಲ್ಲ. ವಾರಕ್ಕೊಮ್ಮೆ. ಫೋನ್ ಮಾಡಿದ್ದು ಬಹಳ ಒಳ್ಳೇದಾಯ್ತು" ಎಂದರು. ಮೆಥೊಟ್ರೆಕ್ಸೇಟ್ ಸೋಮವಾರ, ಫೋಲಿಕ್ ಆ್ಯಸಿಡ್ ಗುರುವಾರ ಎಂದು ಗೊತ್ತು ಮಾಡಿಕೊಂಡೆವು. 90ರ ಜಾಗದಲ್ಲಿ 12 ಮಾತ್ರೆಗಳನ್ನಿಟ್ಟು, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಸೋಮವಾರ ಮಾತ್ರ, ಮೂರು ಮಾತ್ರೆ" ಎಂದು ಬರೆದು, ಅವರಿಂದಲೇ ಎರಡು ಸಲ ಹೇಳಿಸಿದೆ. "ಇಷ್ಟೇನಾ? ಇದರಲ್ಲಿ ನೋವು ಹೋಗುತ್ತಾ?" ಎಂದು ಅವರು ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. ತಿಂಗಳಾನುಗಟ್ಟಲೆ ತಾಳ್ಮೆ ಬೇಕು, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದೆ. ಯಾವುದರಿಂದ ಪಾರಾದರೆಂದು ತಿಳಿಯದೆಯೇ ಅವರು ಹೊರಟರು. ನನಗೆ, ಸುಳ್ಳೇಕೆ, ಎದೆ ಉಬ್ಬಿತ್ತು.

ಆ ಉಬ್ಬು ಒಂದೂವರೆ ಗಂಟೆ ಇತ್ತು. ತಡವಾದದ್ದನ್ನು ಸರಿದೂಗಿಸಲು ಕೈ ಚುರುಕು ಮಾಡಿದ್ದೆ. ಹೆಗಲ ಮೇಲೆ ಮಗುವನ್ನು ಹಾಕಿಕೊಂಡ ತಾಯಿಯೊಬ್ಬರು ಬಂದರು: ಹತ್ತು ಕೆಜಿಯ ಮಗು, ಜ್ವರ, 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇರುವ ಪ್ಯಾರಸಿಟಮಾಲ್ ಸಿರಪ್, ಒಮ್ಮೆಗೆ 5 ಮಿಲಿಲೀಟರ್, ದಿನಕ್ಕೆ ನಾಲ್ಕು ಸಲ. ಬಾಟಲಿ ತೆಗೆದೆ. ಸ್ಕ್ಯಾನರ್ ಎರಡು ಸಲ ಹಿಡಿದರೂ ಓದಲಿಲ್ಲ. ಫೋನ್ ಬಡಿದುಕೊಳ್ಳುತ್ತಿತ್ತು. ಚೀಟಿಯನ್ನು ನೋಡಿ ಹೆಸರನ್ನು ಕೈಯಲ್ಲೇ ಟೈಪ್ ಮಾಡಿ ಬಿಲ್ ತೆಗೆದು, ಬಾಟಲಿಯನ್ನು ಚೀಲಕ್ಕೆ ಹಾಕಿ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಸಿರಪ್ಪಿಗೆ ಇನ್ನೊಬ್ಬರು ಬಂದಾಗ, ಕಂಪ್ಯೂಟರ್ ಲೆಕ್ಕದಲ್ಲಿ ಆರು ಇರಬೇಕಾದ ಕಡೆ ಏಳು ಬಾಟಲಿ ಇದ್ದವು. ಪಕ್ಕದ ಸಾಲಿನಲ್ಲಿ, 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಬಾಟಲಿಗಳಲ್ಲಿ ಒಂದು ಕಡಿಮೆ.

ಮಕ್ಕಳಿಗೆ ಪ್ಯಾರಸಿಟಮಾಲನ್ನು ಒಂದು ಸಲಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ನಾನು ಕೊಟ್ಟ ಬಾಟಲಿಯಿಂದ ಆ ಮಗುವಿಗೆ ಸೇರುತ್ತಿದ್ದದ್ದು 25. ಒಮ್ಮೆ ಕುಡಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲದಂತೆ ದಿನಗಟ್ಟಲೆ ಕುಡಿಸಿದ್ದರೆ ಯಕೃತ್ತಿಗೆ ಪೆಟ್ಟಾಗಬಹುದಿತ್ತು. ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡುವಾಗ ನನ್ನ ಬೆರಳು ಎರಡು ಸಲ ತಪ್ಪು ಅಂಕಿ ಒತ್ತಿತು. "ಇನ್ನೂ ಕೊಟ್ಟಿಲ್ಲ, ಮಗು ಮಲಗಿದೆ" ಎಂದರು ಆಕೆ. ಮುಚ್ಚಳ ತೆಗೆಯಬೇಡಿ, ಈಗಲೇ ಸರಿಯಾದ ಬಾಟಲಿ ಕಳಿಸುತ್ತೇನೆ, ತಪ್ಪು ನನ್ನದು ಎಂದೆ. ಕಳಿಸುವುದು ಬೇಡವೆಂದು ಅವರೇ ಅರ್ಧ ಗಂಟೆಯಲ್ಲಿ ಬಂದರು. ಬಾಟಲಿ ಬದಲಿಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ, "ಅಲ್ಲಾ, ನೀವು ಫೋನ್ ಮಾಡದಿದ್ರೆ ನನಗೆ ಹೇಗೆ ಗೊತ್ತಾಗ್ತಿತ್ತು?" ಎಂದು ಕೇಳಿದರು. ಗೊತ್ತಾಗುತ್ತಿರಲಿಲ್ಲ. ಲೇಬಲಿನ ಮೇಲೆ ಪ್ರಮಾಣ ಎಲ್ಲಿ ಅಚ್ಚಾಗಿರುತ್ತದೆ, ಚೀಟಿಯ ಯಾವ ಸಂಖ್ಯೆಯೊಡನೆ ಅದನ್ನು ತಾಳೆ ನೋಡಬೇಕು ಎಂಬುದನ್ನು ತೋರಿಸಿಕೊಟ್ಟೆ. ಆ ಅಕ್ಷರಗಳು ಎಷ್ಟು ಸಣ್ಣವೆಂದು ನನಗೂ ಆಗಲೇ ಹೊಳೆದದ್ದು. ಬೆಳಗಿನ ಚೀಟಿಯ ಬಗ್ಗೆ, ವೈದ್ಯರಾದವರಿಗೆ ಎರಡು ಸಾಲನ್ನು ನೆಟ್ಟಗೆ ಬರೆಯಲಾಗದೇ ಎಂದು ಸಹಾಯಕನೊಡನೆ ಆಡಿದ್ದ ಮಾತು ನೆನಪಾಗಿ ಅವನ ಮುಖ ನೋಡಲು ಸಂಕೋಚವಾಯಿತು. ಅವನು ಏನೂ ಅನ್ನಲಿಲ್ಲ. ಎರಡೂ ಬಗೆಯ ಸಿರಪ್ಪುಗಳ ನಡುವೆ ಒಂದು ಖಾನೆ ಖಾಲಿ ಮಾಡಿ, ಕೆಂಪು ಚೀಟಿ ತಂದು ಅಂಟಿಸಿದ.

ರಾತ್ರಿ ಬಾಗಿಲು ಅರ್ಧ ಎಳೆದು ಹಿಂದಿನ ಕೋಣೆಯಲ್ಲಿ ಕೂತೆ. ಎದುರಿನ ಗೋಡೆಯ ಮೇಲೆ ತಿಂಗಳ ಗುರಿಯ ಪಟ್ಟಿ, ಅದರ ಪಕ್ಕದಲ್ಲಿ ಬಣ್ಣ ಮಾಸಿದ ಒಂದು ಭಿತ್ತಿಪತ್ರ. ಔಷಧಿಯಿಂದಾಗುವ, ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ಅಭಿಯಾನದ್ದು. ತಪ್ಪುಗಳ ರಿಜಿಸ್ಟರನ್ನು ತೆರೆದೆ. ಬೆಳಿಗ್ಗೆ ತಡೆದದ್ದನ್ನು ಬರೆಯಲು ಅದರಲ್ಲಿ ಅಂಕಣವಿಲ್ಲ. ಅಂಗಡಿಯಿಂದ ಹೊರಗೆ ಹೋದ ತಪ್ಪಿಗೆ ಮಾತ್ರ ಜಾಗ. ತಾರೀಖು, ಔಷಧಿ, ಕೊಡಬೇಕಾದದ್ದು, ಕೊಟ್ಟದ್ದು ಎಲ್ಲ ತುಂಬಿದೆ. ಕಾರಣ ಎಂಬಲ್ಲಿ ಒಂದೇ ಸಾಲಿನ ಜಾಗವಿತ್ತು. ಮೂವರ ಕೆಲಸಕ್ಕೆ ಇಬ್ಬರು, ಇಪ್ಪತ್ತೆರಡು ನಿಮಿಷ, ಫೋನಿನ ಸದ್ದು, ಉಬ್ಬಿದ ಎದೆ ಇವುಗಳಲ್ಲಿ ಯಾವುದನ್ನು ಆ ಸಾಲಿಗೆ ಇಳಿಸುವುದೆಂದು ಪೆನ್ನು ಹಿಡಿದು ಕೂತಿದ್ದವ, ಕೊನೆಗೆ "ಸ್ಕ್ಯಾನರ್ ಓದಲಿಲ್ಲ, ಕೈಯಲ್ಲಿ ಟೈಪ್ ಮಾಡಲಾಯಿತು" ಎಂದು ಬರೆದು ಸಹಿ ಹಾಕಿದೆ. ಎದ್ದುಬಂದು ಹತ್ತಿಗೆ ಸ್ಪಿರಿಟ್ ಹಚ್ಚಿ ಸ್ಕ್ಯಾನರಿನ ಗಾಜನ್ನು ಒರೆಸಿದೆ. ಹತ್ತಿಯ ಮೇಲೆ ಬೆರಳಚ್ಚಿನಷ್ಟು ಕಪ್ಪು ಕೊಳೆ ಬಂತು. ವಾಪಸ್ಸು ಬಂದ ಆ 250ರ ಬಾಟಲಿಯನ್ನೇ ಎತ್ತಿ ಅದರ ಮುಂದೆ ಹಿಡಿದೆ; ಮೊದಲ ಸಲಕ್ಕೇ ಕೀಂ ಎಂದಿತು.