ಬಂಪರ್ ರಿಪೇರಿ: ಮೊದಲು ಪ್ಲಾಸ್ಟಿಕ್ ಯಾವುದು ಅಂತ ನೋಡಿ

ಕೆಲಸ ಎಲ್ಲಿಗೆ ಬಂತು ಅಂತ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಬಂಪರ್‌ನ ಸೀಳು ಕೂಡಿಕೊಂಡಿದೆ, ಒಳಗೂ ಹೊರಗೂ ಬೆಸುಗೆ ಆಗಿದೆ, ಪ್ರೈಮರ್ ಹೊಡೆದಾಗಿದೆ, ಬಣ್ಣ ಬಾಕಿ. ಎಡಗಡೆ ಹೆಡ್‌ಲೈಟಿನ ಮುರಿದ ಕಿವಿ ಮತ್ತೆ ಬೋಲ್ಟ್ ಹಿಡಿಯುತ್ತಿದೆ. ಸೈಡ್ ಮಿರರ್ ಕವರ್ ಮುಗಿಯಿತು. ರೇಡಿಯೇಟರ್ ಮಾತ್ರ ರಿಪೇರಿ ಮಾಡಲಿಲ್ಲ, ಹೊಸದು ಹಾಕಿದೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಕಾರು ನಮ್ಮ ಮನೆಯ ಹಳೇ ಹ್ಯಾಚ್‌ಬ್ಯಾಕ್. ಇಂಜಿನ್ ಇನ್ನೂ ಗಟ್ಟಿ. ಪ್ಲಾಸ್ಟಿಕ್ ಮಾತ್ರ ಅಲ್ಲಲ್ಲಿ ಸೋತಿದೆ. ಬೆಂಗಳೂರಿನ ಹಂಪ್‌ಗಳು, ಇಕ್ಕಟ್ಟಾದ ಪಾರ್ಕಿಂಗ್, ವರ್ಷಗಟ್ಟಲೆ ಬಿಸಿಲು, ಇನ್ನೇನು ಬೇಕು? ಗ್ಯಾರೇಜಿನಲ್ಲಿ ಕೇಳಿದರೆ "ಚೇಂಜ್ ಮಾಡ್ಬಿಡಿ ಸಾರ್" ಅಂತಾರೆ. ಇಡೀ ಬಂಪರ್ ಚೆನ್ನಾಗಿದ್ದು ಫಾಗ್ ಲ್ಯಾಂಪ್ ಪಕ್ಕ ಗೇಣುದ್ದ ಸೀಳು ಬಿಟ್ಟಿದ್ದಕ್ಕೆ ಪೂರ್ತಿ ಬಂಪರನ್ನೇ ಎಸೆಯೋದು ನನಗೆ ಒಪ್ಪಲಿಲ್ಲ. ಪ್ಲಾಸ್ಟಿಕ್ಕನ್ನು ಸರಿಯಾಗಿ ಕೂಡಿಸಬಹುದು. ಆದರೆ ಅದು ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗದೆ ಕೈ ಹಾಕಬಾರದು. ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ.

ಹಿಂಬದಿಯ ಗುರುತು

ಬಂಪರ್ ಬಿಚ್ಚಿ ಹಳೇ ಕಂಬಳಿ ಮೇಲೆ ಮಗುಚಿ ಹಾಕಿ, ಸೋಪಿನ ನೀರಲ್ಲಿ ಹಿಂಬದಿ ತೊಳೆದೆ. ಕೆಸರಿನ ಪದರ ಹೋದ ಮೇಲೆ ಎರಡು ಬಾಣದ ತಲೆಗಳ ನಡುವೆ ಸಣ್ಣ ಉಬ್ಬಕ್ಷರ ಕಂಡಿತು: ಪಿಪಿ+ಇಪಿಡಿಎಂ-ಟಿ20. ಟಾರ್ಚನ್ನು ಅಡ್ಡಡ್ಡ ಹಿಡಿದರೆ ನೆರಳು ಬಿದ್ದು ಅಕ್ಷರ ಚೆನ್ನಾಗಿ ಕಾಣುತ್ತೆ, ಮೇಲಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ.

ಪಿಪಿ ಅಂದರೆ ಪಾಲಿಪ್ರೊಪಿಲೀನ್. ಇಪಿಡಿಎಂ ಒಂದು ಬಗೆಯ ರಬ್ಬರ್. ಅದನ್ನು ಬೆರೆಸೋದು ಬಂಪರ್ ಗುದ್ದಿಗೆ ಬಗ್ಗಲಿ, ಪಟ್ ಅಂತ ಒಡೆಯದಿರಲಿ ಅಂತ. ಟಿ20 ಅಂದರೆ 20 ಶೇಕಡಾ ಟಾಲ್ಕ್, ಮುಖಕ್ಕೆ ಹಚ್ಚುವ ಪೌಡರ್‌ನಲ್ಲಿ ಇರುವ ಅದೇ ಖನಿಜ. ಇದರಿಂದ ಬಂಪರ್‌ಗೆ ಬಿಗಿ ಬರುತ್ತೆ. ಕೆಲವು ಕಡೆ ಟಿಡಿ20 ಅಂತಲೂ ಇರುತ್ತೆ, ಎರಡೂ ಒಂದೇ. ಜಿಎಫ್30 ಅಂತ ಇದ್ದರೆ 30 ಶೇಕಡಾ ಗಾಜಿನ ನಾರು. ಈ ಗುರುತಿನ ಪದ್ಧತಿ ಐಎಸ್‌ಒ 11469 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ್ದು. ರಿಪೇರಿಗಾಗಿ ಬಂದದ್ದಲ್ಲ, ಗುಜರಿಗೆ ಹೋದ ಮೇಲೆ ಪ್ಲಾಸ್ಟಿಕ್ ಬೇರ್ಪಡಿಸೋದಕ್ಕೆ ಬಂದದ್ದು. ಯುರೋಪಿನಲ್ಲಿ 100 ಗ್ರಾಂಗಿಂತ ಭಾರದ ಪ್ಲಾಸ್ಟಿಕ್ ಭಾಗಗಳಿಗೆ ಗುರುತು ಹಾಕಬೇಕು ಅಂತ 2003ರಲ್ಲೇ ನಿಯಮ ಬಂತು. ಅದರ ಲಾಭ ಮನೆಯಲ್ಲಿ ಕೂತು ರಿಪೇರಿ ಮಾಡುವ ನಮ್ಮಂಥವರಿಗೂ ಸಿಕ್ಕಿದೆ.

ಒಂದೊಂದೇ ಭಾಗ ಬಿಚ್ಚಿ ನೋಡುತ್ತಾ ಹೋದೆ. ಹೆಡ್‌ಲೈಟಿನ ಮುಂದಿನ ಗಾಜು ಗಾಜಲ್ಲ, ಪಿಸಿ, ಅಂದರೆ ಪಾಲಿಕಾರ್ಬೊನೇಟ್. ಅದರ ಹಿಂದಿನ ಡಬ್ಬಿ ಟಾಲ್ಕ್ ಜಾಸ್ತಿ ಇರುವ ಪಿಪಿ. ಗ್ರಿಲ್ ಮತ್ತು ಮಿರರ್ ಕವರ್ ಎಬಿಎಸ್, ಬ್ರೇಕಿನ ಎಬಿಎಸ್ ಅಲ್ಲ, ಆ ಹೆಸರಿನ ಗಟ್ಟಿ ಪ್ಲಾಸ್ಟಿಕ್. ಟೇಲ್ ಲ್ಯಾಂಪಿನ ಕೆಂಪು ಮುಖ ಪಿಎಂಎಂಎ, ನಾವು ಅಕ್ರಿಲಿಕ್ ಅನ್ನೋದು. ರೇಡಿಯೇಟರ್‌ನ ಎರಡು ಕಪ್ಪು ತೊಟ್ಟಿಗಳು ಪಿಎ66-ಜಿಎಫ್30, ಅಂದರೆ ಗಾಜಿನ ನಾರು ಬೆರೆಸಿದ ನೈಲಾನ್. ಒಂದೇ ಕಾರಿನ ಮೂತಿಯಲ್ಲಿ ಇಷ್ಟೆಲ್ಲ ಇದೆ, ಒಂದಕ್ಕೆ ಹಿಡಿಯುವ ಉಪಾಯ ಇನ್ನೊಂದಕ್ಕೆ ಹಿಡಿಯಲ್ಲ.

ಗುರುತು ಇಲ್ಲದಿದ್ದರೆ

ಫಾಗ್ ಲ್ಯಾಂಪ್ ಸುತ್ತಿನ ಚೌಕಟ್ಟಿಗೆ ಗುರುತು ಇರಲಿಲ್ಲ. ಯಾರೋ ಯಾವಾಗಲೋ ಹೊರಗಿನ ಸಾಮಾನು ತಂದು ಹಾಕಿದ್ದಾರೆ. ಇಂಥ ಕಡೆ ಪರೀಕ್ಷೆ ಮಾಡಲೇಬೇಕು.

ತೇಲಿಸಿ ನೋಡೋದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ನೀರಿನ ಸಾಂದ್ರತೆ 1 ಅಂದುಕೊಂಡರೆ ಬರೀ ಪಿಪಿಯದು 0.9, ನೀರಲ್ಲಿ ತೇಲುತ್ತೆ. ಎಬಿಎಸ್ 1.05ರ ಹತ್ತಿರ, ಮುಳುಗುತ್ತೆ. ಕೇಳೋಕೆ ಸುಲಭ, ಆದರೆ ಇದನ್ನೊಂದೇ ನಂಬಬೇಡಿ. ನನ್ನ ಬಂಪರ್‌ನ ಒಳ ಅಂಚಿನಿಂದ ಹೆರೆದ ಚಕ್ಕೆಯನ್ನು ಸ್ಟೀಲ್ ಲೋಟದ ನೀರಿಗೆ ಹಾಕಿ, ಗುಳ್ಳೆ ಅಂಟಿಕೊಳ್ಳದ ಹಾಗೆ ಒಂದು ತೊಟ್ಟು ಸೋಪು ಬಿಟ್ಟು ಕಲಕಿದೆ. ಚಕ್ಕೆ ಸ್ವಲ್ಪ ಹೊತ್ತು ನಡುನೀರಲ್ಲಿ ಓಲಾಡಿ ಮೆಲ್ಲಗೆ ತಳಕ್ಕೆ ಇಳಿಯಿತು. ಅಕ್ಷರ ಪಿಪಿ ಅನ್ನುತ್ತಿದೆ, ಚಕ್ಕೆ ಮುಳುಗುತ್ತಿದೆ! ಕಾರಣ ಟಾಲ್ಕ್. ಟಾಲ್ಕ್‌ನ ಸಾಂದ್ರತೆ 2.7 ಇರೋದರಿಂದ 20 ಶೇಕಡಾ ಬೆರೆತರೆ ಪಿಪಿಯೂ ನೀರಿಗಿಂತ ಭಾರ. ಉಪ್ಪುನೀರು ಮಾಡಿದರೂ ಪ್ರಯೋಜನ ಇಲ್ಲ, ಅದರಲ್ಲಿ ಎಬಿಎಸ್ ಕೂಡ ತೇಲಿಬಿಡುತ್ತೆ.

ನನಗೆ ಹೆಚ್ಚು ನಂಬಿಕೆ ಅಸಿಟೋನ್ ಮೇಲೆ. ಹತ್ತಿಗೆ ಅದ್ದಿ ಹಿಂಬದಿಯ ಕಾಣದ ಜಾಗದಲ್ಲಿ ಒತ್ತಿ ಹಿಡಿದರೆ ಎಬಿಎಸ್ ಮೆತ್ತಗಾಗಿ ಅಂಟಂಟಾಗುತ್ತೆ, ಹತ್ತಿಯ ಎಳೆ ಅದಕ್ಕೇ ಹಿಡಿದುಕೊಳ್ಳುತ್ತೆ. ಪಿಪಿಗೆ ಏನೂ ಆಗಲ್ಲ, ಒರೆಸಿದರೆ ಮೊದಲಿನ ಹಾಗೇ ಇರುತ್ತೆ. ಪಾಲಿಕಾರ್ಬೊನೇಟ್ ಹತ್ತಿರ ಮಾತ್ರ ಅಸಿಟೋನ್ ತರಬೇಡಿ, ಸಣ್ಣ ಸಣ್ಣ ಬಿರುಕು ಬಿದ್ದು ಮಂಜು ಕವಿದ ಹಾಗಾಗುತ್ತೆ, ಹೆಡ್‌ಲೈಟ್ ಹೋಯಿತು ಅಂತಲೇ ಲೆಕ್ಕ.

ಕೊನೆಯದು ಸುಟ್ಟು ನೋಡೋದು. ಮನೆಯ ಹೊರಗೆ, ಕಡಲೆಕಾಳಿನಷ್ಟು ಚೂರು ಸಾಕು, ಇಕ್ಕಳದಲ್ಲಿ ಹಿಡಿದು. ಪಿಪಿ ಮೇಣದ ವಾಸನೆ ಬಿಟ್ಟು ಹನಿಹನಿಯಾಗಿ ತೊಟ್ಟಿಕ್ಕುತ್ತೆ, ಹೊಗೆ ಕಡಿಮೆ. ಎಬಿಎಸ್ ಹಳದಿ ಜ್ವಾಲೆ, ಮೇಲಕ್ಕೆ ಕಪ್ಪು ಮಸಿ, ಸಿಹಿ ಬೆರೆತ ಘಾಟು. ನೈಲಾನ್ ಸುಟ್ಟ ಕೂದಲಿನ ವಾಸನೆ. ಜ್ವಾಲೆಯ ಅಂಚು ಹಸಿರಾಗಿ ಮೂಗಿಗೆ ಆಮ್ಲ ಹೊಡೆದರೆ ಅದು ಪಿವಿಸಿ, ತಕ್ಷಣ ಆರಿಸಿ ದೂರ ಬನ್ನಿ. ಮೂಗನ್ನು ಹೊಗೆಯೊಳಗೆ ಇಡಬೇಡಿ, ಆರಿಸಿದ ಮೇಲೆ ಕೈಯಲ್ಲಿ ಬೀಸಿಕೊಂಡರೆ ಸಾಕು. ನನ್ನ ಚೌಕಟ್ಟಿಗೆ ಅಸಿಟೋನ್ ಹತ್ತಲಿಲ್ಲ, ಸುಟ್ಟಾಗ ಮೇಣದ ವಾಸನೆ ಬಂತು. ಪಿಪಿ.

ಬಂಪರ್

ಪಿಪಿಗೆ ಯಾವ ಗೋಂದೂ ಸುಲಭವಾಗಿ ಹಿಡಿಯಲ್ಲ. ಅದರ ಮೇಲ್ಮೈ ಗೋಂದನ್ನು ಹರಡೋಕೇ ಬಿಡಲ್ಲ, ಹಾಗಾಗಿ ಎಪಾಕ್ಸಿ ಪುಟ್ಟಿ ಮೆತ್ತಿದರೆ ಕೆಲವು ದಿನ ನಿಂತು, ಗಾಡಿ ಅಲುಗಾಡಿದ ಮೇಲೆ ಬಿಲ್ಲೆಯ ಹಾಗೆ ಎದ್ದು ಬರುತ್ತೆ. ಬೆಸುಗೆಯೇ ಸರಿಯಾದ ದಾರಿ. ಬೆಸುಗೆಗೆ ಅದೇ ಜಾತಿಯ ಪ್ಲಾಸ್ಟಿಕ್ ಬೇಕು.

ಅದಕ್ಕೇ ಶಿವಾಜಿನಗರದ ಗುಜರಿಗೆ ಹೋದೆ. ಒಡೆದ ಬಂಪರ್‌ಗಳ ರಾಶಿಯಲ್ಲಿ ಟಾರ್ಚ್ ಹಿಡಿದು ಹಿಂಬದಿ ಅಕ್ಷರ ಓದುತ್ತಿದ್ದರೆ ಅಂಗಡಿಯವರು, "ಏನ್ ಹುಡುಕ್ತಾ ಇದೀರ ಸಾರ್, ಯಾವ ಗಾಡಿ?" ಅಂದರು. "ಗಾಡಿ ಯಾವುದಾದ್ರೂ ಪರವಾಗಿಲ್ಲ ಭಾಯ್, ಅಕ್ಷರ ಇದೇ ಇರ್ಬೇಕು" ಅಂದೆ. ಅವರಿಗೂ ಕುತೂಹಲ ಆಯಿತು, ಕೂತು ಜೊತೆಗೆ ಹುಡುಕಿದರು. ಬೇರೆ ಕಂಪನಿಯ ಬಂಪರ್ ತುಂಡು, ಗುರುತು ಮಾತ್ರ ಅದೇ. ಅದನ್ನು ತಂದು, ಬಣ್ಣ ಇಲ್ಲದ ಒಳ ಅಂಚಿನಿಂದ ಬೆಂಕಿಕಡ್ಡಿ ಗಾತ್ರದ ಕಡ್ಡಿಗಳನ್ನು ಕತ್ತರಿಸಿಕೊಂಡೆ. ಮೊದಲು ಒಂದು ಕಡ್ಡಿಯನ್ನು ಬಂಪರ್ ಒಳಗಿನ ಕಾಣದ ಮೂಲೆಗೆ ಕರಗಿಸಿ ಕೂಡಿಸಿ, ತಣ್ಣಗಾದ ಮೇಲೆ ಇಕ್ಕಳದಲ್ಲಿ ಎಳೆದೆ. ಕಡ್ಡಿ ಹರಿಯಿತು, ಬುಡ ಬಿಡಲಿಲ್ಲ. ಜಾತಿ ಬೇರೆ ಇದ್ದರೆ ಬುಡದಿಂದಲೇ ಪೂರ್ತಿ ಕಿತ್ತುಬರುತ್ತೆ. ಈ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ.

ಸೀಳಿನ ತುದಿಯಲ್ಲಿ 3 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ಒಂದು ತೂತು. ಸೀಳಿನ ಚೂಪು ತುದಿಯಲ್ಲೇ ಒತ್ತಡ ಎಲ್ಲ ಸೇರೋದರಿಂದ ಅದನ್ನು ದುಂಡಗೆ ಮಾಡದಿದ್ದರೆ ಬಿರುಕು ಬೆಸುಗೆ ದಾಟಿ ಮುಂದೆ ಓಡುತ್ತೆ. ಮುಂಭಾಗದಲ್ಲಿ ಎರಡು ಅಂಚನ್ನೂ ಸರಿಯಾಗಿ ಕೂಡಿಸಿ ಅಲ್ಯೂಮಿನಿಯಂ ಟೇಪ್ ಹಾಕಿದೆ. ಹಿಂಬದಿ ಸೀಳಿನ ಉದ್ದಕ್ಕೂ ಇಳಿಜಾರು ಕಾಲುವೆ ತೆಗೆದೆ, ದಪ್ಪದಲ್ಲಿ ಅರ್ಧಕ್ಕಿಂತ ಸ್ವಲ್ಪ ಆಳ. ಎಸ್‌ಪಿ ರೋಡಿನಲ್ಲಿ ತಂದ 60 ವ್ಯಾಟ್ ಸೋಲ್ಡರಿಂಗ್ ಐರನ್‌ಗೆ ಚಪ್ಪಟೆ ಮೂತಿ ಹಾಕಿ, ಕಡ್ಡಿ ಮತ್ತು ಕಾಲುವೆಯ ಎರಡೂ ಗೋಡೆ ಒಟ್ಟಿಗೆ ಹೊಳೆಯುವ ಹಾಗೆ ಕರಗಿಸಿ ತುಂಬಿಸಿದೆ.

ಇಲ್ಲಿ ಕಣ್ಣು ತುಂಬಾ ಮುಖ್ಯ. ಪಿಪಿ 160 ಡಿಗ್ರಿ ದಾಟಿದ ಮೇಲೆ ಕರಗುತ್ತೆ. ಐರನ್ ಅದಕ್ಕಿಂತ ಎಷ್ಟೋ ಬಿಸಿ. ಒಂದೇ ಕಡೆ ನಿಲ್ಲಿಸಿದರೆ ಹೊಗೆ ಎದ್ದು ಕಂದು ಬಣ್ಣ ಬರುತ್ತೆ, ಅಲ್ಲಿ ಪ್ಲಾಸ್ಟಿಕ್ ಸತ್ತಿದೆ ಅಂತ ಅರ್ಥ, ಕೆರೆದು ತೆಗೆದು ಮತ್ತೆ ಹಾಕಬೇಕು. ಕಡ್ಡಿ ಮಾತ್ರ ಕರಗಿ ಗೋಡೆ ಕರಗದಿದ್ದರೆ ಬೆಸುಗೆ ನೋಡೋಕೆ ಚೆನ್ನಾಗಿರುತ್ತೆ, ಹಿಡಿದಿರಲ್ಲ. ಕಾಲುವೆಯ ಎರಡೂ ದಡ ಸಣ್ಣಗೆ ಮಿಂಚಿ ಕಡ್ಡಿಯ ಅಂಚು ಅದರಲ್ಲಿ ಕರಗಿ ಗೆರೆಯೇ ಕಾಣದ ಹಾಗಾದಾಗ ಐರನ್ ಮುಂದೆ ಸರಿಸಬೇಕು. ಅದರ ಮೇಲೆ ಸ್ಟೀಲ್ ಜಾಲರಿಯ ಪಟ್ಟಿ ಇಟ್ಟು ಒತ್ತಿ ಮುಳುಗಿಸಿ, ಇನ್ನೊಂದು ಪದರ ಪಿಪಿ ಹೊದಿಸಿದೆ. ನೀರು ಹಾಕಿ ತಣಿಸಬೇಡಿ, ಸುಮ್ನೆ ಬಿಡಿ. ಬೇಗ ತಣಿದರೆ ಎಳೆದುಕೊಂಡು ಬಂಪರ್ ಸೊಟ್ಟ ಆಗುತ್ತೆ.

ಆಮೇಲೆ ಟೇಪ್ ಕಿತ್ತು ಮುಂಭಾಗಕ್ಕೂ ಅದೇ ಕೆಲಸ, ಜಾಲರಿ ಮಾತ್ರ ಇಲ್ಲ. ಆಮೇಲೆ ಎಮ್ರಿ ಕಾಗದ, ಒರಟಿನಿಂದ ನುಣುಪಿಗೆ: 80, 180, 320 ನಂಬರ್. ಪಿಪಿ ಉಜ್ಜಿದರೆ ಬಿಸಿಗೆ ನಾರು ನಾರಾಗಿ ಏಳುತ್ತೆ, ಮೆಲ್ಲಗೆ ಕೈಯಲ್ಲೇ ಉಜ್ಜಬೇಕು. ಬರಿ ಪ್ಲಾಸ್ಟಿಕ್ ಕಂಡ ಕಡೆಯೆಲ್ಲ ಮೊದಲು ಪಿಪಿಗೆ ಅಂತಲೇ ಬರುವ ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ, ಆಮೇಲೆ ಬಗ್ಗುವ ಬಂಪರ್ ಪುಟ್ಟಿ, ಆಮೇಲೆ ಮಾಮೂಲಿ ಪ್ರೈಮರ್. ತಗಡಿಗೆ ಹಾಕುವ ಪುಟ್ಟಿ ಇಲ್ಲಿ ಬೇಡ, ಬಂಪರ್ ಬಗ್ಗಿದ ಕೂಡಲೇ ಸೀಳುತ್ತೆ.

ಮಿರರ್ ಕವರ್, ಹೆಡ್‌ಲೈಟ್

ಕವರ್ ಎಬಿಎಸ್ ಆದ್ದರಿಂದ ಶಾಖ ಬೇಕಾಗಲಿಲ್ಲ. ಹಳೇ ಗ್ರಿಲ್‌ನ ಕ್ರೋಮ್ ಇಲ್ಲದ ಹಿಂಬದಿಯಿಂದ ಎಬಿಎಸ್ ಹೆರೆದು, ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ರಾತ್ರಿ ಬಿಟ್ಟೆ, ಬೆಳಿಗ್ಗೆ ಗಟ್ಟಿ ಪೇಸ್ಟ್ ಆಗಿತ್ತು. ಬಿರುಕಿಗೆ ಬರೀ ಅಸಿಟೋನ್ ಸವರಿ ಅಂಚು ಮೆತ್ತಗಾದಾಗ ಪೇಸ್ಟ್ ತುಂಬಿದೆ. ಆರಿದ ಹಾಗೆ ಕುಗ್ಗುತ್ತೆ, ಹಾಗಾಗಿ ಒಮ್ಮೆಲೇ ದಪ್ಪಗೆ ಬಳಿಯದೆ ತೆಳು ಪದರಗಳಲ್ಲಿ ಹಾಕಬೇಕು. ಗಾಳಿ ಆಡುವ ಜಾಗ ಇರಲಿ, ಹತ್ತಿರ ಗ್ಯಾಸ್ ಸ್ಟವ್, ದೇವರ ದೀಪ ಯಾವುದೂ ಬೇಡ. ಅಸಿಟೋನ್ ಆವಿಗೆ ಒಂದು ಕಿಡಿ ಸಾಕು.

ಹೆಡ್‌ಲೈಟಿನ ಕಿವಿಗೆ ಪಿಪಿ ಬೆಸುಗೆಯೇ. ಕಿವಿಯ ಬುಡದಲ್ಲಿ ಸಣ್ಣ ತೂತು ಮಾಡಿ ತೆಳು ಸ್ಟೀಲ್ ತಂತಿ ಪೋಣಿಸಿ ಅದರ ಮೇಲೆ ಬೆಸುಗೆ ಹಾಕಿದೆ. ಇಲ್ಲಿ ಬಲಕ್ಕಿಂತ ಅಳತೆ ಮುಖ್ಯ. ಕಿವಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಅದಕ್ಕೆ ಕಿವಿಯ ತುಂಡನ್ನು ಕಾರಿಗೇ ಬೋಲ್ಟ್ ಮಾಡಿ, ದೀಪವನ್ನು ಅದರ ಜಾಗದಲ್ಲಿ ಕೂರಿಸಿ, ಅಲ್ಲೇ ಎರಡು ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಬಿಚ್ಚಿ ಪೂರ್ತಿ ಮಾಡಿದೆ. ಗೋಡೆಗೆ ಬೆಳಕು ಬಿಟ್ಟು ಬಲಗಡೆಯ ದೀಪದ ಜೊತೆ ಹೋಲಿಸಿ ನೋಡಿದೆ, ಸರಿಯಾಗಿದೆ.

ಕೈ ಹಾಕದ ಭಾಗಗಳು

ರೇಡಿಯೇಟರ್ ತೊಟ್ಟಿಯಲ್ಲಿ ಕೂದಲೆಳೆಯ ಬಿರುಕು, ಕೂಲೆಂಟ್ ಒಣಗಿದ ಗೆರೆ ಇತ್ತು. ನೈಲಾನ್ ಬೆಸುಗೆ ಅಸಾಧ್ಯ ಏನಲ್ಲ. ಆದರೆ ಪಿಎ66 ಕರಗೋದು 260 ಡಿಗ್ರಿ ಹತ್ತಿರ, ಜೊತೆಗೆ ನೈಲಾನ್ ಗಾಳಿಯ ತೇವ ಹೀರಿಕೊಂಡಿರುತ್ತೆ, ಕರಗಿಸಿದರೆ ನೀರು ಆವಿಯಾಗಿ ಗುಳ್ಳೆ ಏಳುತ್ತೆ. ಅದರೊಳಗೆ ಬಿಸಿ ಕೂಲೆಂಟ್, ಸುಮಾರು ಒಂದು ಬಾರ್ ಒತ್ತಡ. ಹೈವೇಯಲ್ಲಿ ಬಿಟ್ಟುಕೊಂಡರೆ ಇಂಜಿನ್ ಕಾದು ಅದರ ಒಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತೆ, ಮಕ್ಕಳು ಬಾನೆಟ್ ಹತ್ತಿರ ನಿಂತಿದ್ದರೆ ಇನ್ನೂ ಕಷ್ಟ. ಹೊಸದೇ ಹಾಕಿದೆ. ಏರ್‌ಬ್ಯಾಗ್ ಮುಚ್ಚಳಕ್ಕೂ ಇದೇ ಮಾತು. ಅದು ಸರಿಯಾದ ಗೆರೆಯಲ್ಲೇ ಹರಿಯಬೇಕು ಅಂತ ಮಾಡಿರುತ್ತಾರೆ, ಅದನ್ನು ನಾವು ಬಲಪಡಿಸಬಾರದು. ಪೆಟ್ರೋಲ್ ಟ್ಯಾಂಕ್ ಪ್ಲಾಸ್ಟಿಕ್ ಆಗಿದ್ದರೂ ಐರನ್ ಹತ್ತಿರ ಒಯ್ಯುವ ಮಾತೇ ಇಲ್ಲ.

ಇನ್ನು ಬಣ್ಣ. ಡೋರ್ ಬಿಸಿಲಿಗೆ ಸ್ವಲ್ಪ ಮಾಸಿರೋದರಿಂದ ಬರೀ ಕಲರ್ ಕೋಡ್ ನೋಡಿ ಬೆರೆಸಿದರೆ ಬಂಪರ್ ಎದ್ದು ಕಾಣುತ್ತೆ. ಪೆಟ್ರೋಲ್ ತುಂಬುವ ಕಡೆ ಇರುವ ಬಣ್ಣದ ಹೊರ ಮುಚ್ಚಳ ಬಿಚ್ಚಿಕೊಂಡು ಜೆಸಿ ರೋಡಿನ ಪೇಂಟ್ ಅಂಗಡಿಗೆ ಹೋಗಿ ಅದಕ್ಕೇ ಹೊಂದಿಸಿ ಬೆರೆಸಿಸಬೇಕು. ಮಳೆ ನಿಂತ ಮೇಲೆ ಹೊಡೆಯೋದು, ತೇವ ಇದ್ದಾಗ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಬೆಳ್ಳಗೆ ಮಂಕಾಗುತ್ತೆ. ಅಷ್ಟರಲ್ಲಿ ಟೇಲ್ ಲ್ಯಾಂಪಿನ ಅಕ್ರಿಲಿಕ್ ಬಿರುಕಿಗೆ ಕೈ ಹಾಕುತ್ತೇನೆ. ಅದಕ್ಕೆ ಬೇರೆಯದೇ ದ್ರಾವಣ ಬೇಕು, ಗುಜರಿಯಿಂದ ಒಂದು ಒಡೆದ ಕೆಂಪು ಲ್ಯಾಂಪ್ ಪ್ರಯೋಗಕ್ಕೆ ಅಂತ ತಂದಿಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಪಿಎಂಎಂಎ ಕೂಡಿಸಿದ್ದರೆ ಏನು ಬಳಸಿದಿರಿ, ಮಳೆಗೆ ನೀರು ಇಳಿಯದೆ ನಿಂತಿದೆಯಾ ಅಂತ ಬರೆಯಿರಿ.