ಎರಡು ಮಾಡ್ಯೂಲ್ ಸೇರಿದಾಗ ಬರುವ ಸೀಟಿ

ಸೀಟಿ ನಿಂತಿತು. ಗಿಟಾರ್ ಪೆಡಲ್‌ಗಳಿಗೆ (ಗಿಟಾರ್ ಮತ್ತು ಆಂಪ್ ನಡುವೆ ಕೂತು ಸದ್ದು ಬದಲಿಸುವ ಡಬ್ಬಿಗಳಿಗೆ) ನಾನೇ ಕಟ್ಟಿದ ಪವರ್ ಸಪ್ಲೈನ ಸೀಟಿ. ಮೂರು ವಾರ ಆದಮೇಲೆ, ನಿನ್ನೆ ರಾತ್ರಿ ಹನ್ನೊಂದೂವರೆಗೆ. ಸಿಗ್ನಲ್ ಹಿಗ್ಗಿಸಿ ಒರಟು ಮಾಡುವ ಡ್ರೈವ್ ಪೆಡಲ್‌ನ ಗೇನ್ ಪೂರ್ತಿ ಏರಿಸಿದೆ. ಗಿಟಾರ್ ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಆಂಪ್ ಪಕ್ಕ ಕಿವಿಯಿಟ್ಟು ಕೂತೆ. ಸಣ್ಣ 'ಸ್ಸ್' ಬಿಟ್ಟರೆ ಬೇರೇನೂ ಇಲ್ಲ. ಖುಷಿಗೆ ನಿದ್ದೆಯೇ ಬರಲಿಲ್ಲ.

ನನ್ನ ಪೆಡಲ್ ಬೋರ್ಡ್‌ನಲ್ಲಿ ಕಂಪ್ರೆಸರ್, ಎರಡು ಡ್ರೈವ್, ಕೋರಸ್, ಆಮೇಲೆ ಡಿಲೇ ಮತ್ತು ರಿವರ್ಬ್ ಇವೆ. ಒಂದೇ ಅಡಾಪ್ಟರ್‌ನಿಂದ ಡೈಸಿ ಚೈನ್ (ಎಲ್ಲಕ್ಕೂ ಸಾಲಾಗಿ ಪವರ್ ಕೊಡುವ ಒಂದೇ ತಂತಿ) ಹಾಕಿದಾಗ ಕುಯ್ಯ್ ಅನ್ನುತ್ತಿತ್ತು. ಡಿಲೇಗೆ ಮಾತ್ರ 9 ವೋಲ್ಟ್ ಬ್ಯಾಟರಿ ಕೊಟ್ಟರೆ ಸದ್ದು ಅರ್ಧಕ್ಕರ್ಧ ಕಡಿಮೆ. ರಿವರ್ಬ್ ಪ್ಲಗ್ ಕೂಡ ತೆಗೆದರೆ ಪೂರ್ತಿ ಮೌನ. ಅಂದರೆ ತಪ್ಪು ಗಿಟಾರ್‌ನದ್ದಲ್ಲ, ಪವರ್‌ನದ್ದು.

ಇದಕ್ಕೆ ಮದ್ದು ಐಸೊಲೇಟೆಡ್ ಸಪ್ಲೈ, ಅಂದರೆ ಪ್ರತಿ ಔಟ್‌ಪುಟ್ ಇನ್ನೊಂದಕ್ಕೆ ಸೇರದೆ ಬೇರೆಯೇ ಇರುವಂಥದ್ದು. ಹೆಸರಾಂತ ಕಂಪನಿಗಳದ್ದು ನಮ್ಮಲ್ಲಿ ಹತ್ತು ಸಾವಿರ ರೂಪಾಯಿ ದಾಟುವುದೂ ಉಂಟು. ಅದಕ್ಕೇ ಆನ್‌ಲೈನ್‌ನಲ್ಲಿ ಹತ್ತು ಔಟ್‌ಪುಟ್‌ನ ಅಗ್ಗದ ಡಬ್ಬಿ ತರಿಸಿದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಐಸೊಲೇಟೆಡ್' ಎಂದು ಬರೆದಿತ್ತು. ಹಾಕಿದರೆ ಅದೇ ಕುಯ್ಯ್! ಪ್ಲಗ್ ಕಿತ್ತು ಮಲ್ಟಿಮೀಟರ್ ತೆಗೆದುಕೊಂಡೆ. ನಮ್ಮ ಪೆಡಲ್‌ಗಳು ಸೆಂಟರ್ ನೆಗೆಟಿವ್ ಅಲ್ವಾ (ಪ್ಲಗ್‌ನ ನಡುವೆ ಮೈನಸ್, ಅದೇ ಗ್ರೌಂಡ್), ಎರಡು ಕೇಬಲ್‌ಗಳ ಒಳಗಿನ ತೂತಿಗೆ ಪ್ರೋಬ್ ಚುಚ್ಚಿದೆ. ಬೀಪ್, ಅಂದರೆ ಎರಡೂ ಒಳಗೆ ಸೇರಿವೆ. ಹತ್ತಕ್ಕೆ ಹತ್ತೂ ಬೀಪ್. ಎಲ್ಲದಕ್ಕೂ ಒಂದೇ ಗ್ರೌಂಡ್. ಇದು ಮೋಸ, ಬೇರೆ ಮಾತಿಲ್ಲ. ಡಬ್ಬಿ ಬಂದ ದಿನವೇ ಈ ಪರೀಕ್ಷೆ ಮಾಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು.

ಪೆಡಲ್‌ನಿಂದ ಪೆಡಲ್‌ಗೆ ಸಿಗ್ನಲ್ ಒಯ್ಯುವ ಪ್ಯಾಚ್ ಕೇಬಲ್‌ನಲ್ಲಿ ಗ್ರೌಂಡ್ ಹೇಗೂ ಸೇರುತ್ತದಲ್ಲ, ಮತ್ತೆ ಐಸೊಲೇಶನ್ ಯಾಕೆ ಅಂತ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಡಿಲೇ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಆ ಕರೆಂಟ್ ಎಲ್ಲರೂ ಹಂಚಿಕೊಂಡ ಗ್ರೌಂಡ್ ತಂತಿಯಲ್ಲಿ ವಾಪಸ್ ಹೋಗುವಾಗ ಅಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಡ್ರೈವ್ ಪೆಡಲ್ ಅದನ್ನೂ ಸಿಗ್ನಲ್ ಅಂದುಕೊಂಡು ಹಿಗ್ಗಿಸುತ್ತದೆ. ಸಪ್ಲೈ ಬೇರೆಯಾದರೆ ಡಿಲೇಯ ಕರೆಂಟ್ ತನ್ನ ದಾರಿಯಲ್ಲೇ ತಿರುಗಿ ಹೋಗುತ್ತದೆ. ಗ್ರೌಂಡ್ ಸೇರಿದರೂ ಕರೆಂಟ್ ಸೇರುವುದಿಲ್ಲ.

ಇಲ್ಲಿಗೆ ಲೆಕ್ಕ ಬದಲಾಯಿತು. ಅನಲಾಗ್ ಪೆಡಲ್ ನಾಲ್ಕೂ (ಕಂಪ್ರೆಸರ್, ಎರಡು ಡ್ರೈವ್, ಕೋರಸ್) ಸೇರಿ 40 ಮಿಲಿಆಂಪ್ ದಾಟುವುದಿಲ್ಲ, ಅವು ಒಂದೇ ಚೈನ್‌ನಲ್ಲಿ ಆರಾಮಾಗಿ ಇರುತ್ತವೆ. ಬೇರೆ ಮಾಡಬೇಕಾದ್ದು ಎರಡೇ. ಅಳೆದು ನೋಡಿದೆ: ಡಿಲೇ 65, ರಿವರ್ಬ್ 95 ಮಿಲಿಆಂಪ್. ಹತ್ತು ಔಟ್‌ಪುಟ್ ಯಾರಿಗೆ ಬೇಕು!

ಹಾಗಾಗಿ ನಾನೇ ಕಟ್ಟಿದೆ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, 2200 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಹೀಟ್‌ಸಿಂಕ್ ಹಾಕಿದ 7809 (9 ವೋಲ್ಟ್‌ಗೆ ಹಿಡಿದಿಡುವ ರೆಗ್ಯುಲೇಟರ್). ಇಷ್ಟು ಮಾಮೂಲಿ. ಅದರ ಮುಂದೆ ಎರಡು ಬಿ0909ಎಸ್ ಮಾಡ್ಯೂಲ್. ಕಪ್ಪು ಚಾಕೊಲೇಟ್ ತುಂಡಿನ ಹಾಗಿರುತ್ತವೆ. 9 ವೋಲ್ಟ್ ಕೊಟ್ಟರೆ ಪ್ರತ್ಯೇಕ 9 ವೋಲ್ಟ್ ಕೊಡುತ್ತವೆ. ಒಂದು ವಾಟ್‌ನದ್ದು, ಅಂದರೆ 111 ಮಿಲಿಆಂಪ್‌ವರೆಗೆ.

ಬೆಂಗಳೂರಿನ ಎಸ್.ಪಿ. ರೋಡ್‌ನ ಅಂಗಡಿಯೊಂದರಲ್ಲಿ ತಂದೆ. ಪ್ಯಾಕೆಟ್ ಮೇಲೆ 0909. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಎರಡರ ಮೇಲೂ 0905! ಐದು ವೋಲ್ಟ್‌ನವು. 'ಮಾರಿದ ಮಾಲು ವಾಪಸ್ ಇಲ್ಲ ಸಾರ್' ಎಂದರು ಅಂಗಡಿಯವರು. ಮತ್ತೆ ಮೆಟ್ರೋ, ಮತ್ತೆ ಇನ್ನೊಂದು ಅಂಗಡಿ. ಕೌಂಟರ್‌ನಲ್ಲೇ ನಂಬರ್ ಓದಿ ನೋಡಿ, ನಾಚಿಕೆ ಬೇಡ.

ಈಗ ಅಸಲಿ ತೊಂದರೆ. ಡಿಲೇ ಒಂದೇ ಹಾಕಿದರೆ ನಿಶ್ಶಬ್ದ. ರಿವರ್ಬ್ ಒಂದೇ ಹಾಕಿದರೂ ನಿಶ್ಶಬ್ದ. ಎರಡೂ ಹಾಕಿದರೆ ಸೀಟಿ! ಅದೂ ನಿಂತಲ್ಲಿ ನಿಲ್ಲದ ಸೀಟಿ. ಬಿಸಿಯಾಗುತ್ತ ಆಗುತ್ತ ಸ್ವರ ಮೇಲೇರುತ್ತದೆ. ಅಮ್ಮ ಒಳಗಿನಿಂದ ಬಂದು 'ಕುಕ್ಕರ್ ಇಟ್ಟೇ ಇಲ್ವಲ್ಲೋ' ಎಂದರು.

ಎರಡು ರಾತ್ರಿ ವೈರಿಂಗ್ ಬಿಚ್ಚಿ ಕಟ್ಟಿದೆ. ಆಮೇಲೆ ತಂಬೂರಿ ನೆನಪಾಯಿತು. ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೆ 'ವಂವ್ ವಂವ್' ಎಂದು ಅಲೆ ಬರುತ್ತದಲ್ಲ, ಇದೂ ಅದೇ ಜಾತಿ. ಮಾಡ್ಯೂಲ್ ಒಳಗೆ ಸ್ವಿಚಿಂಗ್ ನಡೆಯುತ್ತದೆ, ನಮ್ಮ ಕಿವಿಗೆ ಸಿಗದಷ್ಟು ವೇಗದಲ್ಲಿ. ಒಂದು 100 ಕಿಲೋಹರ್ಟ್ಸ್, ಇನ್ನೊಂದು 103 ಎಂದುಕೊಳ್ಳಿ. ವ್ಯತ್ಯಾಸ 3 ಕಿಲೋಹರ್ಟ್ಸ್. ಅದು ಚೆನ್ನಾಗಿಯೇ ಕೇಳಿಸುತ್ತದೆ! ಬಿಸಿಯಾದಾಗ ಎರಡೂ ಬೇರೆ ಬೇರೆಯಾಗಿ ಜರುಗುತ್ತವೆ, ಸೀಟಿಯೂ ಜರುಗುತ್ತದೆ.

ಅದನ್ನು ಸೋಸಲು ಮಾಡ್ಯೂಲ್‌ನ ಔಟ್‌ಪುಟ್‌ಗೆ ಮೊದಲು 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದೆ. ಮಾಡ್ಯೂಲ್ ಸ್ಟಾರ್ಟೇ ಆಗಲಿಲ್ಲ, ಸುಮ್ನೆ ಬಿಸಿಯಾಯಿತು. ಇಷ್ಟು ಚಿಕ್ಕ ಮಾಡ್ಯೂಲ್‌ಗೆ ಅಷ್ಟು ದೊಡ್ಡ ಕೆಪ್ಯಾಸಿಟರ್ ತುಂಬಿಸುವ ಶಕ್ತಿ ಇರುವುದಿಲ್ಲ. ಆಮೇಲೆ 100 ಮೈಕ್ರೋಹೆನ್ರಿ ಇಂಡಕ್ಟರ್, 22 ಮೈಕ್ರೋಫ್ಯಾರಡ್ ಹಾಕಿದೆ. ಈ ಜೋಡಿ ಸುಮಾರು 3.4 ಕಿಲೋಹರ್ಟ್ಸ್‌ನಿಂದ ಮೇಲಿನದ್ದನ್ನು ತಡೆಯುತ್ತದೆ, 100 ಕಿಲೋಹರ್ಟ್ಸ್‌ಗೆ ಬೇಕಾದಷ್ಟು. ಸೀಟಿ ತೆಳುವಾಯಿತು, ಆದರೆ ಹೋಗಲಿಲ್ಲ.

ನಿನ್ನೆ ಹೊಳೆಯಿತು. ಎರಡೂ ಮಾಡ್ಯೂಲ್ ಭೇಟಿಯಾಗುವುದು ಔಟ್‌ಪುಟ್‌ನಲ್ಲಿ ಅಲ್ಲ, ಇನ್‌ಪುಟ್‌ನಲ್ಲಿ! ಒಂದೇ 9 ವೋಲ್ಟ್ ಲೈನನ್ನು ಇಬ್ಬರೂ ಅಲುಗಿಸುತ್ತಿದ್ದಾರೆ, ಅನಲಾಗ್ ಚೈನ್ ಕೂಡ ಅದೇ ಲೈನ್‌ನಲ್ಲಿದೆ. ಒಂದೊಂದು ಮಾಡ್ಯೂಲ್‌ನ ಇನ್‌ಪುಟ್‌ಗೂ ಅಂಥದ್ದೇ ಇಂಡಕ್ಟರ್, ಅಂಥದ್ದೇ ಕೆಪ್ಯಾಸಿಟರ್ ಬೆಸುಗೆ ಹಾಕಿದೆ. ಕೆಪ್ಯಾಸಿಟರ್ ಮಾಡ್ಯೂಲ್‌ನ ಕಾಲಿಗೆ ಅಂಟಿಕೊಂಡೇ ಇರಬೇಕು. ಸ್ವಿಚ್ ಹಾಕಿದೆ. ಸೀಟಿ ಇಲ್ಲ. ತಪ್ಪು ಬಂದ ಆ ಎರಡು 0905 ಬಿಟ್ಟರೆ ಒಟ್ಟು ಖರ್ಚು ಸಾವಿರ ರೂಪಾಯಿ ಒಳಗೆ.

ಇನ್ನು ಮುಂದಿನದ್ದು, ಇದನ್ನು ಹೇಳದೆ ಇರಲಾರೆ. ಹಳೆಯ ರೇಡಿಯೋ ಒಂದರಿಂದ ಬಿಚ್ಚಿದ ಎರಡು ಎಸಿ128 ನನ್ನ ಹತ್ತಿರ ಇವೆ. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿದ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು! ಅವುಗಳಲ್ಲಿ ಫಝ್ (ಸ್ವರವನ್ನು ಗರಗರ ಒರಟು ಮಾಡುವ ಪೆಡಲ್) ಕಟ್ಟಬೇಕು. ಪಿಎನ್‌ಪಿ ಜಾತಿಯ ಟ್ರಾನ್ಸಿಸ್ಟರ್ ಆದ್ದರಿಂದ ಪಾಸಿಟಿವ್ ಗ್ರೌಂಡ್, ಅಂದರೆ ಬೇರೆ ಪೆಡಲ್‌ಗಳಿಗೆ ಉಲ್ಟಾ, ಇಲ್ಲಿ ಪ್ಲಸ್ಸೇ ಗ್ರೌಂಡ್. ಡೈಸಿ ಚೈನ್‌ಗೆ ಹಾಕಿದರೆ ಸಪ್ಲೈ ಶಾರ್ಟ್. ಆದರೆ ಮೂರನೇ ಮಾಡ್ಯೂಲ್ ಇದ್ದರೆ ಅದರ ಪ್ಲಸ್ ಅನ್ನೇ ಗ್ರೌಂಡ್ ಮಾಡಬಹುದು, ಯಾರಿಗೂ ತೊಂದರೆ ಇಲ್ಲ. ಒಂದೇ ತಕರಾರು. ಫಝ್ ಎಳೆಯುವುದು ಒಂದೆರಡು ಮಿಲಿಆಂಪ್, ಮಾಡ್ಯೂಲ್‌ಗೆ ಕನಿಷ್ಠ ಹತ್ತು ಪರ್ಸೆಂಟ್ ಲೋಡ್ ಬೇಕು. ಇಲ್ಲದಿದ್ದರೆ ವೋಲ್ಟೇಜ್ ಏರುತ್ತದೆ. ಔಟ್‌ಪುಟ್‌ಗೆ ಅಡ್ಡಲಾಗಿ 820 ಓಮ್ ರೆಸಿಸ್ಟರ್ ಹಾಕಿದರೆ 11 ಮಿಲಿಆಂಪ್ ಅಲ್ಲೇ ಆಗುತ್ತದೆ. ಶನಿವಾರ ರೆಸಿಸ್ಟರ್, ಮಾಡ್ಯೂಲ್, ಅಲ್ಯುಮಿನಿಯಂ ಡಬ್ಬಿ ತರಲು ಹೋಗುತ್ತೇನೆ. ಭೂತಗನ್ನಡಿ ಈಗಲೇ ಬ್ಯಾಗಿಗೆ ಹಾಕಿದ್ದೇನೆ.