ಗುಂಡ್ಯಾ ಮಣೂಕ ತಿಂದ ರಾತ್ರಿ

ಮಾರ್ಚ್ ತಿಂಗಳ ಭಾನುವಾರ. ದ್ರಾಕ್ಷಿ ಸುಗ್ಗಿ ಅಂದ್ರೆ ವಿಜಯಪುರದಲ್ಲಿ ಬಹಳ ಮನೆಗಳಿಗೆ ಮಣೂಕ, ಅಂದ್ರೆ ಒಣದ್ರಾಕ್ಷಿ, ಬರುತ್ತದೆ. ತಿಕೋಟಾ ಹತ್ತಿರ ನನ್ನ ಮೈದುನನ ದ್ರಾಕ್ಷಿ ಒಣಗಿಸುವ ಶೆಡ್ ಇದೆ. ಅಲ್ಲಿಂದ ಬಂದ 5 ಕಿಲೋ ಚೀಲವನ್ನು ಅಡುಗೆಮನೆಯ ನೆಲದ ಮೇಲೇ ಇಟ್ಟಿದ್ದೆ. ರಾತ್ರಿ ಹತ್ತೂವರೆಗೆ ನೀರು ಕುಡಿಯಲು ಎದ್ದರೆ ಚೀಲದ ಮೂಲೆ ಹರಿದಿತ್ತು. ನಮ್ಮ ನಾಯಿ ಗುಂಡ್ಯಾನ ಮೂತಿಗೆ ಎರಡು ಮಣೂಕ ಅಂಟಿಕೊಂಡಿದ್ದವು.

ದ್ರಾಕ್ಷಿ ನಾಯಿಗೆ ವಿಷ. ದ್ರಾಕ್ಷಿ ಬೆಳೆಯುವ ನಮ್ಮೂರಲ್ಲೇ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದೆರಡು ದಿನದಲ್ಲಿ ಕಿಡ್ನಿ ಕೆಡಬಹುದು. ಸುಮಾರು 4 ಕಿಲೋ ಹಣ್ಣು ಒಣಗಿ 1 ಕಿಲೋ ಮಣೂಕ ಆಗುತ್ತದೆ, ಹಾಗಾಗಿ ಮಣೂಕದ ಅಪಾಯ ಇನ್ನೂ ಜಾಸ್ತಿ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅನ್ನುತ್ತಾರೆ. ಹುಣಸೆಹಣ್ಣಿನಲ್ಲೂ ಅದೇ ಇದೆ, ಅದನ್ನೂ ದೂರ ಇಡಿ.

ನಾವು ಯಾವಾಗಲೂ ಹೋಗುವ ಡಾಕ್ಟರ ಫೋನ್ ಬಂದ್ ಇತ್ತು. ಮೊಬೈಲಿನಲ್ಲಿ ಹುಡುಕಿದಾಗ '24 ತಾಸು' ಅಂತ ತೋರಿಸಿದ ಒಂದು ನಂಬರ್ ಬರೀ ರಿಂಗಾಯಿತು. ಇನ್ನೊಬ್ಬರು ಬೆಳಿಗ್ಗೆ ಬನ್ನಿ ಅಂದರು. ಅರ್ಧ ತಾಸು ಹೀಗೇ ಹೋಯಿತು. ಸೊಲ್ಲಾಪುರಕ್ಕೆ ಹೋಗೋಣ ಅಂದರೆ 100 ಕಿಲೋಮೀಟರ್. ವಾಂತಿ ಮಾಡಿಸುವುದಾದರೆ ತಿಂದ ಎರಡು ತಾಸಿನೊಳಗೆ ಮಾಡಿಸಬೇಕು.

ಆಗ ಅತ್ತೆ, 'ಹಾಲಿನ ಶಿವಪ್ಪಗ ಫೋನ್ ಹಚ್ಚು' ಅಂದರು. ಎಮ್ಮೆ ಈಯುವುದು ಎಷ್ಟೋ ಸಲ ರಾತ್ರಿಯೇ ಅಲ್ವಾ? ಯಾವ ಡಾಕ್ಟರ್ ನಡುರಾತ್ರಿ ಫೋನ್ ಎತ್ತುತ್ತಾರೆ ಅಂತ ಎಮ್ಮೆ ಕಟ್ಟಿದವರಿಗೇ ಗೊತ್ತು. ಶಿವಪ್ಪ ಐದು ನಿಮಿಷದಲ್ಲಿ ನಂಬರ್ ಕೊಟ್ಟ.

'ನಾಯಿ ಎಷ್ಟ ತೂಕ ಐತ್ರಿ? ಎಷ್ಟ ತಿಂದೈತಿ? ಎಷ್ಟೊತ್ತಾತು?' ಡಾಕ್ಟರು ಕೇಳಿದ್ದು ಈ ಮೂರೇ. ಚೀಲವನ್ನು ತಕ್ಕಡಿಗೆ ಹಾಕಿದೆ, 200 ಗ್ರಾಂ ಕಡಿಮೆ. ಗುಂಡ್ಯಾ 24 ಕಿಲೋ. ನಮ್ಮವರು ಆಗಲೇ ಉಪ್ಪುನೀರು ಕಲಸುತ್ತಿದ್ದರು. 'ಅದನ್ನ ಮಾತ್ರ ಕುಡಿಸಬ್ಯಾಡ್ರಿ, ಉಪ್ಪೂ ವಿಷ ಆಗತೈತಿ. ಸೀದಾ ಕರಕೊಂಡ ಬರ್ರಿ' ಅಂದರು ಡಾಕ್ಟರು.

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಹಾಸಿದ ಪೇಪರಿನ ಮೇಲೆ ವಾಂತಿ ಮಾಡಿದ. ಹೊಟ್ಟೆಯ ನೀರು ಹೀರಿದ ಮಣೂಕ ಉಬ್ಬಿ ಮತ್ತೆ ದ್ರಾಕ್ಷಿಯಂತೆ ದುಂಡಗಾಗಿದ್ದವು. ಡಾಕ್ಟರು ಕಡ್ಡಿಯಿಂದ ಸರಿಸಿ ಸರಿಸಿ ನೋಡಿದರು. ಆಮೇಲೆ ಎರಡು ದಿನ ಸಲೈನ್. ಕಿಡ್ನಿ ಸರಿ ಇದೆಯಾ ಅಂತ ನೋಡಲು ಮೂರು ಸಲ ರಕ್ತದ ಕ್ರಿಯಾಟಿನಿನ್ ಪರೀಕ್ಷೆ.

ನೀವು ನಾಯಿ, ಬೆಕ್ಕು ಸಾಕಿದ್ದರೆ ಇವತ್ತೇ ನಿಮ್ಮ ಹಾಲಿನವರನ್ನು ಕೇಳಿ ಒಂದು ನಂಬರ್ ಬರೆದಿಟ್ಟುಕೊಳ್ಳಿ. ಆ ಡಾಕ್ಟರಿಗೆ ಹಗಲು ಒಮ್ಮೆ ಫೋನ್ ಮಾಡಿ, ನಾಯಿಯನ್ನೂ ನೋಡುತ್ತೀರಾ ಅಂತ ಕೇಳಿಕೊಳ್ಳಿ. ಪಶು ಆಂಬುಲೆನ್ಸಿನ 1962 ಕೂಡ ಇರಲಿ. ಅದು ಮುಖ್ಯವಾಗಿ ಹಳ್ಳಿಯ ದನಕರುಗಳಿಗೆ, ಆದರೂ ಉಚಿತ ಕರೆ. ನಿಮ್ಮ ನಾಯಿಯ ತೂಕವನ್ನೂ ಅಲ್ಲೇ ಬರೆಯಿರಿ.

ಕಿಡ್ನಿ ಕೆಟ್ಟರೆ ಮೂತ್ರ ನಿಲ್ಲುತ್ತದೆ, ಅದರ ಮೇಲೆ ಕಣ್ಣಿಡಿ ಅಂದಿದ್ದರು ಡಾಕ್ಟರು. ಮೂರನೇ ದಿನ ಶಿವಪ್ಪ ಹಾಲು ಅಳೆಯುವ ಮೊದಲೇ ಕೇಳಿದ, 'ಉಚ್ಚಿ ಹೊಯ್ತೇನ್ರಿ ಅಕ್ಕಾರ?' ಗುಂಡ್ಯಾ ಅವನ ಗಾಡಿಯ ಚಕ್ರದ ಹತ್ತಿರವೇ ಕಾಲು ಎತ್ತಿದ್ದ.